ಋತುಜಾಳ ತಕರಾರು

ರೂತಳಿಗೆ ಯಾವ ಸೀರೆ ಒಪ್ಪುತ್ತದೆ, ಯಾವ ಡಾಕ್ಟರ ಹತ್ತಿರ ಹೋಗಬೇಕು, ಕೂದಲು ಎಷ್ಟು ಕತ್ತರಿಸಬೇಕು, ಎಲ್ಲವನ್ನೂ ಶಾಲೆಯ ದಿನಗಳಿಂದ ಋತುಜಾಳೇ ಹೇಳುತ್ತ ಬಂದಿದ್ದಳು. ಋತುಜಾ ಧಾರವಾಡದ ಕೋರ್ಟಿನಲ್ಲಿ ಹೆಸರು ಮಾಡಿದ ವಕೀಲೆ. ಅಜ್ಜ, ಅಪ್ಪ ಎಲ್ಲರೂ ಕರಿಕೋಟಿನವರೇ. ರೂತ್ ಬಾಲವಾಡಿಯ ಟೀಚರ್, ಮಕ್ಕಳ ಮೂಗೊರೆಸಿ ಪದ್ಯ ಹೇಳಿಕೊಡುವವಳು. ಸ್ಕೂಟಿ ಋತುಜಾಳದು, ಹಿಂದಿನ ಸೀಟು ರೂತಳದು. ಹಾಗಂತ ಋತುಜಾ ಕೆಟ್ಟವಳೇನಲ್ಲ. ರೂತಳ ತಾಯಿ ತೀರಿಕೊಂಡಾಗ ಕೇಸುಗಳನ್ನೆಲ್ಲ ಮುಂದೂಡಿಸಿ, ಅವಳ ಮನೆಯಲ್ಲೇ ಬಿದ್ದುಕೊಂಡು, ಬಾರದ ಅಡುಗೆ ಮಾಡಿ ಹಾಕಿದವಳು. ಅಂಥವಳ ಎದುರು ಮಾತಾಡಲು ಬಾಯಿ ಹೇಗೆ ಬರಬೇಕು ಹೇಳಿ?

ಎರಡು ವರ್ಷದ ಹಿಂದೆ ಕಾಲೆಬ ಮದುವೆಯಾಗುತ್ತೀಯಾ ಎಂದು ಕೇಳಿದಾಗಲೂ ಬಾಯಿ ಬರಲಿಲ್ಲ. ಕಾಲೆಬ ಹಳೇ ಹುಬ್ಬಳ್ಳಿಯಲ್ಲಿ ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ ಇಟ್ಟವನು, ಚರ್ಚಿನಲ್ಲಿ ರೂತಳ ಹಿಂದಿನ ಸಾಲಿನಲ್ಲಿ ನಿಂತು ಹಾಡುವವನು. ರೂತಳಿಗೆ ಮನಸ್ಸಿತ್ತು. ಆದರೂ ಋತುಜಾಳನ್ನು ಒಂದು ಮಾತು ಕೇಳಿದಳು.

“ಮೋಟರ್ ಸುತ್ತಾಂವಗ ನೀ ಯಾಕ? ನಿನಗ ಛಲೋ ವರ ನಾ ಹುಡುಕ್ತೇನಿ ಬಿಡು,” ಎಂದಳು ಋತುಜಾ.

ಅಷ್ಟೇ. ರೂತ್ ಕಾಲೆಬನಿಗೆ ಒಲ್ಲೆ ಎಂದು, ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತಳು. ವರ ಹುಡುಕುವುದನ್ನು ಋತುಜಾ ಮರೆತೇಬಿಟ್ಟಳು. ಕಾಲೆಬ ಮಾತ್ರ ಮರೆಯಲಿಲ್ಲ. ಈ ಸಲ ಅವನು ಕೇಳಿದಾಗ ರೂತ್ ಯಾರನ್ನೂ ಕೇಳದೆ ಹೂಂ ಎಂದಳು.

ಆದರೆ ಗೆಳತಿಗೆ ಹೇಳಬೇಕಲ್ಲ. ದಿನಾ ಸ್ಕೂಟಿಯ ಹಿಂದೆ ಕೂತು ಇವತ್ತು ಹೇಳುತ್ತೇನೆ ಅಂದುಕೊಳ್ಳುತ್ತಿದ್ದಳು. ಬಾಯಿ ಬಿಟ್ಟರೆ ಕಾಯಿಪಲ್ಲೆಯ ಮಾತು ಬರುತ್ತಿತ್ತು. ಋತುಜಾ ಇನ್ನೊಮ್ಮೆ ಬೇಡ ಅಂದರೆ ತಾನು ಮತ್ತೆ ಹಿಂದೆ ಸರಿಯುತ್ತೇನೆ ಎಂದು ಅವಳಿಗೆ ತನ್ನದೇ ಅಂಜಿಕೆ. ಮದುವೆಗೆ ಮೊದಲು ಮೂರು ರವಿವಾರ ಚರ್ಚಿನಲ್ಲಿ ಹೆಣ್ಣು ಗಂಡಿನ ಹೆಸರು ಓದುವ ಪದ್ಧತಿ ಇದೆ. ಅಲ್ಲೇ ಕೇಳಿಸಿಕೊಳ್ಳಲಿ, ಅಷ್ಟು ಜನರ ನಡುವೆ ಏನೂ ಅನ್ನಲಾರಳು ಎಂದು ಋತುಜಾಳನ್ನು ಮೊದಲ ರವಿವಾರಕ್ಕೆ ಕರೆದಳು. ಹೇಡಿಯ ಉಪಾಯ, ಅದು ಅವಳಿಗೂ ಗೊತ್ತಿತ್ತು.

ಋತುಜಾ ಇಳಕಲ್ ಸೀರೆ ಉಟ್ಟು ಬಂದು ಪಕ್ಕದಲ್ಲೇ ಕೂತಳು. ಸಭಾಪಾಲಕ ಪ್ರಭುದಾಸರು ಎರಡೂ ಹೆಸರು ಓದಿ, ಎಂದಿನಂತೆ, “ಈ ವಿವಾಹಕ್ಕೆ ಯಾರದಾದರೂ ತಕರಾರಿದ್ದರೆ ತಿಳಿಸಬಹುದು,” ಎಂದರು. ಆ ಚರ್ಚಿನಲ್ಲಿ ಈ ಮಾತಿಗೆ ಇದುವರೆಗೆ ಯಾರೂ ಕೆಮ್ಮಿದ್ದು ಕೂಡ ಇಲ್ಲ. ವಕೀಲೆಗೆ ಅದೇನು ಗೊತ್ತು? ಅವರು ಕೇಳಿದರು, ಇವಳು ಎದ್ದು ನಿಂತಳು.

“ನಂದು ಅದ ರಿ.”

ಬೆಂಚುಗಳೆಲ್ಲ ಕಿರುಗುಟ್ಟಿದವು. ಅವತ್ತು ಮುಂದಿನ ಸಾಲಿನಲ್ಲಿ ಕೂತಿದ್ದ ಕಾಲೆಬ ತಿರುಗಿ ನೋಡಿ ತಲೆ ತಗ್ಗಿಸಿದ. ಈ ಸಲವೂ ಹೋಯಿತು ಅಂದುಕೊಂಡಿರಬೇಕು, ಪಾಪ.

“ಏನ್ರಿ ನಿಮ್ಮ ತಕರಾರು?” ಎಂದರು ಪ್ರಭುದಾಸರು.

“ಇದು ಆಕಿಗೆ ತಕ್ಕ ಜೋಡಿ ಅಲ್ರಿ. ತನಗೇನು ಬೇಕು ಅನ್ನೂದು ಆಕಿಗೇ ತಿಳ್ಯಂಗಿಲ್ಲ. ನಾ ಸಣ್ಣಾಕಿ ಇದ್ದಾಗಿಂದ ನೋಡೇನಿ...”

“ಋತುಜಾ, ನೀ ಕೂಡು.”

ರೂತ್ ಮೆಲ್ಲಗೇ ಅಂದಿದ್ದಳು, ಬಾಲವಾಡಿಯ ಮಕ್ಕಳಿಗೆ ಹೇಳುವ ಹಾಗೆ. ಅವಳೂ ಎದ್ದು ನಿಂತಿದ್ದಳು. “ನನಗ ತಿಳೀತೈತಿ. ನನಗ ಇವರೇ ಬೇಕು.”

ಋತುಜಾ ಕೂತಳು.

ಆರಾಧನೆ ಮುಗಿದದ್ದೇ ರೂತ್ ಹೊರಗೆ ಓಡಿದಳು. ಸ್ಕೂಟಿ ಹೋಗಿರಲಿಲ್ಲ, ಬೇವಿನ ಗಿಡದ ಕೆಳಗೇ ಇತ್ತು. ಋತುಜಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

“ಊರ ಮಂದಿಗೆಲ್ಲಾ ಹೇಳಿದಿ. ನನಗೊಬ್ಬಾಕಿಗೆ ಹೇಳಲಿಲ್ಲ.”

“ನೀ ಬ್ಯಾಡ ಅಂದಿದ್ರ ನಾ ಬಿಟ್ಟುಬಿಡ್ತಿದ್ದೆ, ಋತು. ಹಿಂದಿನ ಸಲ ಬಿಟ್ಟು ಎಷ್ಟು ಅತ್ತೇನಿ, ನಿನಗ ಗೊತ್ತಿಲ್ಲ.”

ಋತುಜಾಳಿಗೆ ಅದು ನಿಜಕ್ಕೂ ಗೊತ್ತಿರಲಿಲ್ಲ. “ನಿನಗೇನು ಬೇಕಂತ ನಾ ಕೇಳಲೇ ಇಲ್ಲ, ಹೌದಲ್ಲ?” ಎಂದಳು. ಆಮೇಲೆ, “ಬರೂ ಐತವಾರ ಮತ್ತ ತಕರಾರು ಕೇಳ್ತಾರೇನು?”

“ಕೇಳ್ತಾರ.”

“ಹಂಗಾದ್ರ ಬರ್ತೇನಿ.”

ಮತ್ತೆ ಎದ್ದು ನಿಲ್ಲುವಳೇನೋ ಎಂದು ರೂತಳಿಗೆ ಅಂಜಿಕೆಯಾಯಿತು. ಆ ವಾರ ಅವಳಿಗೆ ಊಟ ರುಚಿಸಲಿಲ್ಲ.

ಮುಂದಿನ ರವಿವಾರ ಪ್ರಭುದಾಸರು ತಕರಾರಿನ ಮಾತಿಗೆ ಬಂದಾಗ ಇಡೀ ಸಭೆ ಋತುಜಾಳ ಕಡೆ ಹೊರಳಿತು. ಅವರೂ ಓದುವುದನ್ನು ನಿಲ್ಲಿಸಿ ಅವಳನ್ನೇ ನೋಡಿದರು. ಋತುಜಾ ರೂತಳ ಕೈಯನ್ನು ಗಟ್ಟಿಯಾಗಿ ಹಿಡಿದು, ನೆಲ ನೋಡುತ್ತ, ಕೂತೇ ಇದ್ದಳು. ಗೆಳತಿಯ ಉಂಗುರ ಒತ್ತಿ ರೂತಳ ಬೆರಳು ನೋಯುತ್ತಿತ್ತು. ಅವಳು ಬಿಡಿಸಿಕೊಳ್ಳಲಿಲ್ಲ.