ಏಳಕ್ಕೆ ಹಾರಿದವನು

ಈ ಕಥೆಯ ಮೂವರೂ, ಒಬ್ಬ ಅಕ್ಕ, ಅವಳ ತಮ್ಮ, ಅವಳ ಗಂಡ, ಇನ್ನೂ ಬದುಕಿದ್ದಾರೆ. ಅವರ ಮನೆಯ ಮಾತನ್ನು ಹೊರಗೆ ಹೇಳಲು ನನಗೆ ಯಾವ ಅಧಿಕಾರವೂ ಇಲ್ಲ. ಮೇಲಾಗಿ ಕುಣಿತದಲ್ಲಿ ನನಗೆ ಒಂದು ಹೆಜ್ಜೆಯೂ ಬಾರದು. ಹೇಳದೆ ಇರಲು ನೋಡಿ, ಆಗದೆ ಬರೆಯುತ್ತಿದ್ದೇನೆ. ಎಲ್ಲಾದರೂ ಒಬ್ಬರ ಕಡೆ ವಾಲಿದಂತೆ ಕಂಡರೆ ಕ್ಷಮಿಸಬೇಕು.

ಅಕ್ಕ ಆ ವಿಡಿಯೊ ತುಣುಕನ್ನು ನಾಲ್ಕನೆಯ ಸಲ ನೋಡುತ್ತಿದ್ದಳು. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ಅಡುಗೆಮನೆಯ ಕಟ್ಟೆಯ ಮುಂದೆ ನಿಂತು, ಬೆರಳಿನಿಂದ ಕಲ್ಲಿನ ಮೇಲೆ ತಾಳ ಹಾಕುತ್ತಿದ್ದಳು. ಒಲೆಯ ಮೇಲಿನ ಹಾಲು ಉಕ್ಕಿ ಹರಿದು ಸುಟ್ಟ ವಾಸನೆ ಬರುತ್ತಿದ್ದರೂ ಅವಳಿಗೆ ಗೊತ್ತಾಗಿರಲಿಲ್ಲ.

ಹನ್ನೆರಡು ಸೆಕೆಂಡಿನ ತುಣುಕು. ಶೂಟಿಂಗ್ ನೋಡುತ್ತಾ ನಿಂತಿದ್ದ ಡ್ಯಾನ್ಸರ್ ಒಬ್ಬಳು ತೆಗೆದದ್ದು. ಸೆಟ್ಟಿನ ಎತ್ತರದ ಗೋಡೆ, ಗೋಡೆಯ ಮೇಲೆ ಕೆಂಪು ಬನಿಯನ್ನಿನಲ್ಲಿ ಅವಳ ತಮ್ಮ, ಕೆಳಗೆ ಅವನನ್ನು ಹಿಡಿಯಬೇಕಾದ ನಾಲ್ವರು. ಎಲ್ಲರಿಗಿಂತ ಮುಂದೆ, ಕ್ಯಾಮೆರಾಗೆ ಬೆನ್ನು ಮಾಡಿಕೊಂಡು ಅವಳ ಗಂಡ. ಸಿನಿಮಾದ ನಾಯಕನೂ ಅವನೇ, ಕುಣಿತ ಕಲಿಸಿದ ಮಾಸ್ಟರ್ ಕೂಡ ಅವನೇ. ಮೈಕಿನಲ್ಲಿ ಅಸಿಸ್ಟೆಂಟ್ ಎಣಿಸುತ್ತಾಳೆ: "ಐದು, ಆರು, ಏಳು." ತಮ್ಮ ಹಾರುತ್ತಾನೆ. ಕೆಳಗಿನ ನಾಲ್ವರು ಇನ್ನೂ ಗೋಡೆಗೆ ಬೆನ್ನು ತಿರುಗಿಸಿ ಸುತ್ತುತ್ತಿದ್ದಾರೆ. ಅವರು ಗೋಡೆಯ ಕಡೆ ತಿರುಗಿ ಕೈ ಜೋಡಿಸುವುದು ಎಂಟು ಮುಗಿದು ಮತ್ತೆ ಒಂದು ಬಂದಾಗ. ಒಂದು ಎನ್ನುವ ಹೊತ್ತಿಗೆ ಅವನು ನೆಲದ ಮೇಲಿರುತ್ತಾನೆ. ರಿಹರ್ಸಲ್ಲಿನಲ್ಲಿ ಹಾಸಿದ್ದ ಮೆತ್ತೆಯನ್ನು ಶಾಟ್‌ಗೆಂದು ತೆಗೆದಿದ್ದರು.

ಇದಾಗಿ ಹನ್ನೊಂದು ದಿನ. ಸೊಂಟದ ಕೆಳಗೆ ಇನ್ನು ಸ್ವಾಧೀನ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಎಚ್ಚರ ಬಂದ ದಿನ ತಮ್ಮ ಮೊದಲು ಕೇಳಿದ್ದು ಕಾಲಿನ ವಿಷಯವನ್ನಲ್ಲ. "ಅಕ್ಕ, ನಾನು ನಿಜವಾಗ್ಲೂ ಲೆಕ್ಕ ತಪ್ಪಿದ್ನಾ? ಬೆಳಿಗ್ಗೆ ವ್ಯಾನು ಹತ್ತಿದ್ದು ನೆನಪಿದೆ. ಆಮೇಲೆ ಬರೀ ಈ ಫ್ಯಾನು" ಎಂದಿದ್ದ. ನೆನಪು ಬಂದರೂ ಬರಬಹುದು, ಬಾರದೆಯೂ ಇರಬಹುದು ಎಂದರು ಡಾಕ್ಟರು. ನೋಡಲು ಬಂದ ಡ್ಯಾನ್ಸರ್‌ಗಳು ಹಣ್ಣಿನ ಚೀಲ ಇಟ್ಟು, ಅವನ ಕಣ್ಣು ತಪ್ಪಿಸಿ ಕಿಟಕಿ ನೋಡುತ್ತಾ ಕೂತು ಹೋಗುತ್ತಿದ್ದರು. ಹೊರಗೆ ಮೆಟ್ಟಿಲ ಹತ್ತಿರ ಅವನ ಬಗ್ಗೆ ಅವರಾಡಿದ ಮಾತು ಅಕ್ಕನ ಕಿವಿಗೆ ಬಿದ್ದಿತ್ತು. "ಮಿಡತೆಗೆ ವಯಸ್ಸಾಯ್ತು ಕಣೋ. ಬೇಗ ಹಾರಿಬಿಟ್ಟ." ಡ್ಯಾನ್ಸರ್‌ಗಳ ಸಂಘದವರೂ ಒಂದು ಕಾಗದ ಕಳಿಸಿದ್ದರು. ಅನಾಹುತ ಹೇಗಾಯಿತು ಎಂದು ಮಾಸ್ಟರ್ ಬರೆದು ಸಹಿ ಮಾಡಿ ಕೊಡಬೇಕಿತ್ತು.

ಇಪ್ಪತ್ತೆರಡು ವರ್ಷದ ಹಿಂದೆ ಈ ಮೂವರೂ ಬೀದಿಯವರು. ಬಸ್ ನಿಲ್ದಾಣದ ಹಿಂಭಾಗದಲ್ಲಿ, ಮುಚ್ಚಿಹೋದ ಗೋದಾಮಿನ ಮುಂದೆ ಒಂದಿಷ್ಟು ಸಿಮೆಂಟಿನ ನೆಲವಿತ್ತು. ಫ್ರಿಜ್ಜಿನ ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿ ಹಾಸಿದರೆ ಅದೇ ರಂಗ. ತಲೆಯನ್ನು ನೆಲಕ್ಕೂರಿ ಗರಗರ ತಿರುಗುತ್ತಿದ್ದ ಈಗಿನ ಮಾಸ್ಟರನ್ನು ಜನ ಬುಗುರಿ ಎಂದರು. ಅವನ ನೆತ್ತಿಯಲ್ಲಿ ಬಿಲ್ಲೆಯಗಲ ಕೂದಲು ಸವೆದುಹೋಗಿತ್ತು. ಈಗಲೂ ಕ್ಯಾಮೆರಾ ಮುಂದೆ ಹೋಗುವ ಮೊದಲು ಅಲ್ಲಿಗೆ ಕಪ್ಪು ಪುಡಿ ಒತ್ತುತ್ತಾರೆ. ಗೋದಾಮಿನ ಗೋಡೆಯ ಮೇಲಿಂದ ಲಾಗ ಹೊಡೆದು ಕೆಳಗಿನವರ ಕೈಗೆ ಬೀಳುತ್ತಿದ್ದವನು ಮಿಡತೆ. ಅವನ ಅಕ್ಕ ಕುಣಿಯುತ್ತಿರಲಿಲ್ಲ, ಟೇಪ್ ರೆಕಾರ್ಡರ್ ಪಕ್ಕ ಕೂತು ಲೆಕ್ಕ ಕೂಗುತ್ತಿದ್ದಳು. ಬ್ಯಾಟರಿ ಸೋತಾಗ ಹಾಡು ಎಮ್ಮೆ ನಡೆದ ಹಾಗೆ ಎಳೆಯುತ್ತಿತ್ತು. ಹಾಡನ್ನು ನಂಬಿದರೆ ಮೂಳೆ ಉಳಿಯುವುದಿಲ್ಲ, ನನ್ನ ಬಾಯನ್ನು ನಂಬಿ ಎನ್ನುತ್ತಿದ್ದಳು ಅವಳು. ಗೋಡೆ ಎತ್ತರವಾದ್ದರಿಂದ ಮಿಡತೆ ಏಳಕ್ಕೆ ಹಾರಬೇಕಿತ್ತು. ಹಾಗೆ ಹಾರಿದರೆ ಸರಿಯಾಗಿ ಒಂದಕ್ಕೆ ಕೈಗೆ ಬೀಳುತ್ತಿದ್ದ. ಎಂಟು ವರ್ಷ ಹಾಗೆ ಹಾರಿದ. ಒಂದು ದಿನವೂ ಕೈ ತಪ್ಪಲಿಲ್ಲ.

ಆಗಲೇ ಬುಗುರಿ ಒಂದು ನಿಯಮ ಮಾಡಿದ್ದ. ಒಮ್ಮೆ ಇಬ್ಬರು ಎರಡು ಲೆಕ್ಕ ಕೂಗಿ ಒಬ್ಬನ ಹಲ್ಲು ಹೋದ ಮೇಲೆ ಮಾಡಿದ್ದು. ಲೆಕ್ಕ ಬದಲಾಯಿಸುವವನು ಒಬ್ಬನೇ, ಬದಲಾಯಿಸಿದವನೇ ಎಲ್ಲರಿಗೂ ಹೇಳಬೇಕು. ಒಬ್ಬನಿಗೆ ಹೇಳಿದ್ದನ್ನು ಅವನು ಇನ್ನೊಬ್ಬನಿಗೆ ದಾಟಿಸುವಂತಿಲ್ಲ. ಬೀದಿ ಬಿಟ್ಟರೂ ಆ ನಿಯಮ ಅವನ ತಂಡದಲ್ಲಿ ಉಳಿಯಿತು.

ಸಿನಿಮಾಕ್ಕೆ ಅವನು ಹೋದದ್ದು ಯಾರದೋ ಕಾಲು ಉಳುಕಿದ ದಿನ, ನಾಲ್ಕನೇ ಸಾಲಿನ ಕೊನೆಯ ಜಾಗಕ್ಕೆ. ಅಲ್ಲಿಂದ ಮೂರನೇ ಸಾಲು, ಎರಡನೆಯದು, ಆಮೇಲೆ ಅಸಿಸ್ಟೆಂಟ್, ಆಮೇಲೆ ಮಾಸ್ಟರ್. ನಡುವೆ ಅಕ್ಕನನ್ನು ಮದುವೆಯಾದ. ಸಿನಿಮಾದಲ್ಲಿ ಎಲ್ಲರೂ ಒಂದಕ್ಕೇ ಶುರು ಮಾಡಬೇಕು. ಮಿಡತೆಯೂ ಒಂದಕ್ಕೆ ಹಾರುವುದನ್ನು ಕಲಿತ. ಹೋದ ವರ್ಷ ಒಬ್ಬ ನಿರ್ದೇಶಕ ಬಂದು, ಬೀದಿ ಕುಣಿತಗಾರನ ಕಥೆ ಇದೆ, ನೀವೇ ನಾಯಕ ಎಂದಾಗ ಮಾಸ್ಟರ್ ಮೂರು ದಿನ ಕನ್ನಡಿ ಮುಂದೆ ಮಾತಾಡಿ ಅಭ್ಯಾಸ ಮಾಡಿದ. ಮೂವತ್ತೊಂಬತ್ತಾಗಿದ್ದ ಮೈದುನನನ್ನೇ ಗೋಡೆ ಹತ್ತಿಸಬೇಕೆಂದು ಹಟ ಹಿಡಿದವನೂ ಅವನೇ.

"ರೀ, ಸ್ವಲ್ಪ ಇಲ್ಲಿ ಬನ್ನಿ" ಎಂದಳು ಅಕ್ಕ.

ಅವನು ಒಂದೇ ಕಾಲಿಗೆ ಕಾಲುಚೀಲ ಹಾಕಿಕೊಂಡು ಬಂದ. ಒಲೆ ಆರಿಸಿದ. "ಅದನ್ನ ಇನ್ನೂ ಎಷ್ಟು ಸಲ ನೋಡ್ತೀಯ? ನೋಡಿದ್ರೆ ಅವನು ಎದ್ದು ಕೂರ್ತಾನಾ?"

"ಇವನು ಲೆಕ್ಕ ತಪ್ಪಿಲ್ಲ. ಏಳಕ್ಕೆ ಹಾರಿದಾನೆ. ಕೂದಲೆಳೆ ಆಚೀಚೆ ಇಲ್ಲ."

"ಒಂದಕ್ಕೆ ಹಾರಬೇಕಾದೋನು ಏಳಕ್ಕೆ ಹಾರಿದ್ರೆ ತಪ್ಪಿದ ಹಾಗೇ ತಾನೆ. ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಾಯ್ತು."

ಅಕ್ಕ ನಗಲಿಲ್ಲ. "ಇಷ್ಟು ವರ್ಷ ಒಂದಕ್ಕೆ ಹಾರಿದೋನು. ಮೂರು ದಿನ ರಿಹರ್ಸಲ್ಲಿನಲ್ಲೂ ಒಂದಕ್ಕೇ ಹಾರಿದ. ಆ ಸೆಟ್ಟಲ್ಲಿ ಏಳರ ವಿಷಯ ಯಾರಿಗೆ ಗೊತ್ತು? ಅವನಿಗೆ ಗೊತ್ತು. ನಾನು ಅಲ್ಲಿರಲಿಲ್ಲ." ಅವನ ಕಡೆ ತಿರುಗಿ, "ನಿನಗೆ ಗೊತ್ತು" ಎಂದಳು.

ಮದುವೆಯಾದ ಮೇಲೆ ಅವಳು ಅವನನ್ನು ಏಕವಚನದಲ್ಲಿ ಕರೆದಿರಲಿಲ್ಲ. ಅತ್ತೆ ಹೇಳಿದ್ದಕ್ಕೆ ಬದಲಾಯಿಸಿಕೊಂಡದ್ದು ನಾಲಿಗೆಗೆ ಹೊಂದಿಕೊಂಡುಬಿಟ್ಟಿತ್ತು. ಮಾಸ್ಟರ್ ಸ್ಟೂಲು ಎಳೆದು ಕೂತ. ಕೈಯಲ್ಲಿದ್ದ ಇನ್ನೊಂದು ಕಾಲುಚೀಲವನ್ನು ಒಳಗೆ ಹೊರಗೆ ಮಾಡುತ್ತಾ ಮಾತಾಡಿದ.

"ಬೆಳಿಗ್ಗೆ ಮೀಸೆ ಅಂಟಿಸ್ತಿದ್ರು. ಒಂದು ಅಂದಾಗ ನನ್ನ ಮುಖ ಕ್ಯಾಮೆರಾಗೆ ತಿರುಗುತ್ತೆ. ಸರಿಯಾಗಿ ಆಗಲೇ ಅವನು ನನ್ನ ಹಿಂದೆ ಕೈಗೆ ಬಿದ್ರೆ ಚೆನ್ನಾಗಿರುತ್ತೆ ಅನ್ನಿಸ್ತು. ಕರೆದೆ. ಏಳಕ್ಕೆ ಹಾರೋ, ನಮ್ಮ ಹಳೇದು ಅಂದೆ. ಖುಷಿಯಾಯ್ತು ಅವನಿಗೆ. ಹಿಡಿಯೋರಿಗೆ ನಾನು ಹೇಳ್ತೀನಿ ಅಂದೆ."

"ಹೇಳಿದ್ಯಾ?"

"ಡೈರೆಕ್ಟ್ರು ಬಂದು ಡೈಲಾಗು ಬದಲಾಯಿಸಿದ್ರು. ಎರಡು ಪುಟ. ಅದನ್ನ ಬಾಯಿಪಾಠ ಮಾಡ್ಕೊಂಡು ಕೂತೆ. ಅಲ್ಲಿಂದ ಸೀದಾ ಶಾಟು."

"ನೆನಪೇ ಆಗಲಿಲ್ವಾ?"

ಅವನು ಕಾಲುಚೀಲವನ್ನು ಮುದ್ದೆ ಮಾಡಿದ. "ಐದು ಅಂದಾಗ ನೆನಪಾಯ್ತು."

"ಐದಕ್ಕೆ ನೆನಪಾಗಿದ್ರೆ ಏಳರೊಳಗೆ ಕೂಗಬಹುದಿತ್ತು."

"ಕ್ಯಾಮೆರಾ ಓಡ್ತಿತ್ತು ಕಣೆ."

ಅಕ್ಕ ಫೋನಿನ ದೀಪ ಆರುವವರೆಗೂ ಅದನ್ನೇ ನೋಡುತ್ತಿದ್ದಳು. ಆಮೇಲೆ ಫ್ರಿಜ್ಜಿನ ಮೇಲಿದ್ದ ಸಂಘದ ಕಾಗದ ತಂದು ಅವನ ಮುಂದಿಟ್ಟಳು. "ಬರಿ."

"ಬರೆದ್ರೆ ಇನ್ನು ಯಾವ ಡ್ಯಾನ್ಸರ್ ನನ್ನ ಲೆಕ್ಕಕ್ಕೆ ಕಾಲೆತ್ತುತ್ತಾನೆ?"

"ನನ್ನ ತಮ್ಮ ಇನ್ನು ಯಾರ ಲೆಕ್ಕಕ್ಕೂ ಎತ್ತಲ್ಲ. ಉಳಿದಿರೋದು ಅವನಿಗೆ ಅದೊಂದೇ ಹೆಸರು. ಲೆಕ್ಕ ತಪ್ಪದೋನು ಅಂತ. ಅದನ್ನೂ ತಗೋಬೇಡ."

ಮಾಸ್ಟರ್ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡ. "ಮೊದಲು ಅವನ ಹತ್ರ ಹೇಳ್ತೀನಿ. ಅವನ ಎದುರಿಗೇ ಬರೀತೀನಿ. ಅಷ್ಟು ಅವಕಾಶ ಕೊಡು."

ಮಧ್ಯಾಹ್ನ ಇಬ್ಬರೂ ಆಸ್ಪತ್ರೆಗೆ ಹೋದರು. ಮಿಡತೆಯನ್ನು ಒಂಟಿ ಹಾಸಿಗೆಯ ಕೋಣೆಗೆ ಹಾಕಿದ್ದರು. ಯಾರೋ ಗಡ್ಡ ತೆಗೆದಿದ್ದರಿಂದ ಮುಖ ಚಿಕ್ಕದಾಗಿ ಕಾಣುತ್ತಿತ್ತು.

"ಬಾ ಭಾವ. ಹೀರೋ ಬಂದ್ರೆ ಫೋಟೋ ಬೇಕಂತೆ ನರ್ಸಮ್ಮನಿಗೆ. ನನ್ನ ಭಾವ ತಾನೆ, ಕೈ ಹಿಡಿದು ಎಳ್ಕೊಂಡು ಬರ್ತೀನಿ ಅಂದಿದೀನಿ. ಸದ್ಯಕ್ಕೆ ನೀನೇ ಹೋಗಿಬಿಡು."

ಮಾಸ್ಟರ್ ನಗಲು ನೋಡಿದ. ಅಕ್ಕ ದಿಂಬು ಸರಿಮಾಡಿ, "ನೀವಿಬ್ಬರೂ ಮಾತಾಡ್ತಿರಿ" ಎಂದು ಹೊರಗೆ ಬಂದಳು. ಅವನು ಒಳಗಿನಿಂದ ಬಾಗಿಲು ಮುಚ್ಚಿದ.

ಕಾರಿಡಾರಿನಲ್ಲಿ ಕಬ್ಬಿಣದ ಬೆಂಚು. ಎದುರಿಗೆ ಒಬ್ಬ ಅಜ್ಜ ತನ್ನ ಎಕ್ಸ್‌ರೇ ಕವರನ್ನು ಬೀಸಣಿಗೆ ಮಾಡಿಕೊಂಡಿದ್ದ. ಅಕ್ಕ ಬಾಗಿಲನ್ನೇ ನೋಡುತ್ತಾ ಕೂತಳು. ಗಂಡನ ಮಾತು ಕೆಳದನಿಯಲ್ಲಿ ಬಹಳ ಹೊತ್ತು ಕೇಳಿಬಂತು. ಆಮೇಲೆ ಏನೂ ಕೇಳಿಸಲಿಲ್ಲ. ಒಮ್ಮೆ ಮಿಡತೆ ನಕ್ಕಂತಾಯಿತು, ಕೆಮ್ಮಿದ್ದೂ ಇರಬಹುದು. ಅರ್ಧ ಗಂಟೆಯಾದ ಮೇಲೆ ಬಾಗಿಲು ತೆರೆಯಿತು. ಮಾಸ್ಟರ್ ಮುಖ ತೊಳೆದುಕೊಂಡಿದ್ದ, ಅಂಗಿಯ ಕಾಲರ್ ಒದ್ದೆಯಾಗಿತ್ತು.

"ಬರೆದ್ಯಾ?"

"ಅವನೇ ಬರೆದ."

ಅವಳು ಕಾಗದ ಕಸಿದುಕೊಂಡು ನೋಡಿದಳು. ತಮ್ಮನ ಓರೆ ಅಕ್ಷರ, ಮಲಗಿಕೊಂಡು ಬರೆದದ್ದಕ್ಕೆ ಇನ್ನೂ ಓರೆಯಾಗಿತ್ತು. ಮಾಸ್ಟರ್ ಹೇಳಿದ್ದು ಒಂದಕ್ಕೆ. ನಾನೇ ಮರೆತು ಏಳಕ್ಕೆ ಹಾರಿದೆ. ಬೇರೆ ಯಾರದ್ದೂ ತಪ್ಪಿಲ್ಲ. ಕೆಳಗೆ ಸಹಿ.

ಅವಳು ಒಳಗೆ ಹೋಗಿ ಹಾಸಿಗೆಯ ಅಂಚಿಗೆ ಕೂತಳು. "ಏನು ಹೇಳಿದ ಅವನು?"

"ಏನು ಹೇಳ್ತಾರೆ, ದೊಡ್ಡ ಮನುಷ್ಯರು. ಅಕ್ಕ, ಆ ನೀರಿನ ಲೋಟ ಈ ಕಡೆ ಇಡು."

"ನಿನಗೆ ನೆನಪಿದೆಯೇನೋ? ಅವತ್ತು ಬೆಳಿಗ್ಗೆದು?"

"ವ್ಯಾನು ಹತ್ತಿದ್ದು ನೆನಪಿದೆ."

"ಅದಾದ ಮೇಲಿಂದು ಕೇಳಿದ್ದು ನಾನು."

ಮಿಡತೆ ನೀರು ಕುಡಿದು, ಲೋಟವನ್ನು ಎದೆಯ ಮೇಲೆ ನಿಲ್ಲಿಸಿಕೊಂಡು, ಅದು ಉಸಿರಿಗೆ ಏರಿ ಇಳಿಯುವುದನ್ನು ನೋಡಿದ. "ನಾನೇ ಏಳಕ್ಕೆ ಹಾರಿದೆ ಕಣಕ್ಕ. ಬಿಟ್ಟುಬಿಡು" ಎಂದ.

ಅಕ್ಕ ಆ ಕಾಗದವನ್ನು ಹರಿಯಬಹುದಿತ್ತು. ಸಂಘಕ್ಕೆ ತಾನೇ ಹೋಗಿ ಹೇಳಬಹುದಿತ್ತು. ಆದರೆ ತಮ್ಮ ತನ್ನ ಕೈಯಾರೆ ಬರೆದದ್ದನ್ನು ಸುಳ್ಳು ಎನ್ನುವುದು ಹೇಗೆಂದು ಅವಳಿಗೆ ತೋಚಲಿಲ್ಲ. ಮರುದಿನ ಮಾಸ್ಟರ್ ಅದನ್ನು ಕೊಟ್ಟುಬಂದ.

ಸಿನಿಮಾ ಬಂತು. ಅಕ್ಕ ಯಾರಿಗೂ ಹೇಳದೆ ಬೆಳಗಿನ ಆಟಕ್ಕೆ ಹೋದಳು. ಆ ಹಾಡಿನಲ್ಲಿ ಗೋಡೆಯ ಮೇಲ್ಭಾಗವನ್ನಷ್ಟೇ ಉಳಿಸಿದ್ದರು. ಅವಳ ತಮ್ಮ ಗೋಡೆ ಬಿಡುತ್ತಾನೆ, ಗಾಳಿಯಲ್ಲಿ ಮೇಲೇರಿ ಮೈ ಮಡಚುತ್ತಾನೆ. ಅಲ್ಲಿಗೆ ಕತ್ತರಿಸಿ ಗಂಡನ ಮುಖ ಹಾಕಿದ್ದರು. ಬೇರೆ ದಿನ ತೆಗೆದ ಮುಖ, ನಗುತ್ತಾ ತಿರುಗುತ್ತದೆ. ಟಾಕೀಸಿನಲ್ಲಿ ಶಿಳ್ಳೆ ಬಿತ್ತು. ಮುಂದಿನ ಸೀಟಿನವನು ಪಕ್ಕದವನಿಗೆ, "ಹಾರಿರೋದೂ ಹೀರೋನೇ ಗುರು, ಡೂಪು ಗೀಪು ಇಲ್ಲ" ಎಂದ. ಅಕ್ಕ ಹಾಡು ಮುಗಿಯುವವರೆಗೆ ಕೂತಿದ್ದು ಎದ್ದು ಬಂದಳು.

ಮಾಸ್ಟರ್ ಈಗ ಎರಡನೆಯ ಸಿನಿಮಾದಲ್ಲಿ ನಟಿಸುತ್ತಿದ್ದಾನೆ. ಮಿಡತೆ ಅವರ ಮನೆಯ ಮುಂದಿನ ಕೋಣೆಯಲ್ಲೇ ಇದ್ದಾನೆ. ಅಕ್ಕ ಗಂಡನನ್ನು ಅಡುಗೆಮನೆಯ ಆ ದಿನದಿಂದ ಏಕವಚನದಲ್ಲೇ ಕರೆಯುತ್ತಾಳೆ, ಬಂದ ಪತ್ರಿಕೆಯವರ ಎದುರಿಗೂ. ಎಷ್ಟು ಸಲಿಗೆ ನೋಡಿ ಎಂದು ಒಬ್ಬರು ಬರೆದಿದ್ದರು.

ಬಾಗಿಲು ಮುಚ್ಚಿದ ಆ ಅರ್ಧ ಗಂಟೆ ಒಳಗೆ ಏನು ನಡೆಯಿತು ಎಂಬುದು ನನಗೆ ಗೊತ್ತಿಲ್ಲ. ಮಾಸ್ಟರ್ ನಿಜ ಹೇಳಿದನೋ, ಇಲ್ಲ ಕಾಗದವನ್ನಷ್ಟೇ ಮುಂದಿಟ್ಟನೋ. ಮಿಡತೆಗೆ ಎಲ್ಲ ನೆನಪಿತ್ತೋ, ಇಲ್ಲ ಹೇಳಿದ್ದನ್ನು ನಂಬಿ ಬರೆದನೋ. ಅಕ್ಕನಿಗೂ ಗೊತ್ತಿಲ್ಲ, ಈಗ ಕೇಳುವುದನ್ನೂ ಬಿಟ್ಟಿದ್ದಾಳೆ. ಊಹಿಸಿ ಬರೆಯಲು ಎರಡು ಮೂರು ಸಲ ಕೂತು ಹರಿದುಹಾಕಿದೆ. ದಿನಾ ಬೆಳಿಗ್ಗೆ ಶೂಟಿಂಗಿಗೆ ಹೊರಡುವ ಮೊದಲು ಮಾಸ್ಟರ್ ಮಿಡತೆಯ ಕಂಕುಳಿಗೆ ಕೈ ಕೊಟ್ಟು ಎತ್ತಿ ಹಿಡಿಯುತ್ತಾನೆ, ಅಕ್ಕ ಹಾಸಿಗೆಯ ಬಟ್ಟೆ ಬದಲಾಯಿಸುತ್ತಾಳೆ. ಮಿಡತೆ ಎರಡೂ ತೋಳನ್ನು ಭಾವನ ಕೊರಳಿಗೆ ಹಾಕಿಕೊಂಡು, ಅವನ ಹೆಗಲ ಮೇಲೆ ಗಲ್ಲವೂರಿ, ಕಣ್ಣು ಮುಚ್ಚಿಕೊಳ್ಳುತ್ತಾನೆ. ಬಟ್ಟೆ ಹಾಸಿ ಆದ ಮೇಲೂ ಮಾಸ್ಟರ್ ಅವನನ್ನು ಕೆಳಗಿಳಿಸುವುದಿಲ್ಲ, ಸ್ವಲ್ಪ ಹೊತ್ತು ಹಾಗೇ ನಿಂತಿರುತ್ತಾನೆ.