ಯಾವ ಎರಡು ಬೆರಳು

ದೇವದುರ್ಗದಲ್ಲಿ ಮಸರಕಲ್ ಕಡೆ ಹೋಗುವ ರಸ್ತೆಯ ಬದಿಗೆ ನನ್ನ ಬಡಿಗತನದ ಅಂಗಡಿ. ಬಾಗಿಲು, ಚೌಕಟ್ಟು, ಕಿಟಕಿ ಮಾಡುತ್ತೇವೆ. ಮಾಡುತ್ತೇವೆ ಎನ್ನುವುದು ಹಳೇ ಚಟ. ಈಗ ಇರುವವನು ನಾನೊಬ್ಬನೇ, ಪಂಪಾಪತಿ.

ಮೊದಲು ನನ್ನ ಜೊತೆಗಾರ ಹುಸೇನಪೀರ ಗರಗಸದ ಮಶೀನಿನ ಮುಂದೆ ನಿಂತು ಹಲಗೆ ದಬ್ಬುತ್ತಿದ್ದ, ನಾನು ಆ ಕಡೆ ನಿಂತು ಎಳೆದುಕೊಳ್ಳುತ್ತಿದ್ದೆ. ಇಪ್ಪತ್ತೆರಡು ವರ್ಷ ಎದುರುಬದುರು. ಮಶೀನು ತಿರುಗುವಾಗ ಮಾತು ಕೇಳಿಸುವುದಿಲ್ಲ, ಹುಬ್ಬಿನಲ್ಲೇ ಮಾತಾಡುತ್ತಿದ್ದೆವು. ಅವನು ಒಂದು ಹುಬ್ಬು ಹಾರಿಸಿದರೆ ಚಹಾ ಕುಡಿಯೋಣ ಎಂದು, ಮೂಗು ಮುರಿದರೆ ಕಟ್ಟಿಗೆ ಹಸಿ ಇದೆ ಎಂದು.

ಎರಡು ವರ್ಷದ ಹಿಂದೆ ಆ ಮಶೀನಿಗೆ ಸಿಕ್ಕಿ ಪೀರನ ಬಲಗೈಯ ಎರಡು ಬೆರಳು ಹೋದವು. ಅವನೇ ಗಡಿಬಿಡಿ ಮಾಡಿದ ಎಂದು ಊರವರು ಅಂದರು. ನಾನು ಬಾಯಿ ಬಿಡಲಿಲ್ಲ. ಬ್ಲೇಡಿನ ಮೇಲೆ ಮುಚ್ಚಿಕೊಂಡಿರುವ ಗಾರ್ಡನ್ನು ಆ ದಿನ ಬೆಳಿಗ್ಗೆ ಬಿಚ್ಚಿಟ್ಟವನು ನಾನು. ದಪ್ಪ ಬೇವಿನ ತೊಲೆಗೆ ಅಡ್ಡ ಬರುತ್ತಿತ್ತು, ಬಿಚ್ಚಿದೆ. ಮತ್ತೆ ಹಾಕಲು ಎರಡು ನಟ್ಟು ಬಿಗಿದರೆ ಸಾಕಿತ್ತು. ಸೋಮಾರಿತನ, ಇನ್ನೇನಲ್ಲ. ನನ್ನ ಟವೆಲ್ಲಿನಲ್ಲೇ ಅವನ ಕೈ ಸುತ್ತಿ ಆಟೊ ಹತ್ತಿಸಿದೆ, ಒಳಗೆ ಏನು ಉಳಿದಿದೆ ಎಂದು ನೋಡಲಿಲ್ಲ. ರಾಯಚೂರಿನ ಆಸ್ಪತ್ರೆಗೂ ಹೋಗಲಿಲ್ಲ. ಅಲ್ಲಿಂದ ಅವನು ಮಾನ್ವಿಯ ಮಗಳ ಮನೆಗೆ ಹೋದ. ಅಳಿಯನ ಚಪ್ಪಲಿ ಅಂಗಡಿಯಲ್ಲಿ ಕೂರುತ್ತಾನೆ ಎಂದು ಸುದ್ದಿ ಬಂತು.

ಆಮೇಲೆ ನನಗೆ ಬುದ್ಧಿ ಬಂತು. ಗಾರ್ಡು ಹಾಕಿದೆ. ಸಣ್ಣ ಪಟ್ಟಿ ಸೀಳುವಾಗ ಕೈ ಬ್ಲೇಡಿನ ಹತ್ತಿರ ಹೋಗದಿರಲೆಂದು ಹಳೇ ಪ್ಲೈವುಡ್ಡಿನಲ್ಲಿ ಒಂದು ದಬ್ಬುಗೋಲು ಮಾಡಿದೆ. ಇನ್ನೊಂದು ಹಲಗೆಯ ಅಂಚನ್ನು ಹಣಿಗೆಯ ಹಲ್ಲಿನ ಹಾಗೆ ಸೀಳಿ ಮಶೀನಿನ ಮೇಲೆ ಬಿಗಿದೆ. ಅದು ಪಟ್ಟಿಯನ್ನು ಬ್ಲೇಡಿನ ಪಕ್ಕದ ಕಬ್ಬಿಣದ ಗೈಡಿಗೆ ಒತ್ತಿ ಹಿಡಿಯುತ್ತದೆ, ಹಿಂದಕ್ಕೆ ಸಿಡಿಯಲು ಬಿಡುವುದಿಲ್ಲ. ಪೀರನ ಜಾಗಕ್ಕೆ ನಾನು ಬಂದೆ. ನನ್ನ ಜಾಗದಲ್ಲಿ ಕಬ್ಬಿಣದ ಸ್ಟ್ಯಾಂಡಿಗೆ ತಿರುಗುವ ಪೈಪು ಕೂಡಿಸಿ ನಿಲ್ಲಿಸಿದೆ. ನಾನು ಇಷ್ಟು ವರ್ಷ ಮಾಡಿದ ಕೆಲಸವನ್ನು ಆ ಪೈಪು ಚೆನ್ನಾಗಿಯೇ ಮಾಡುತ್ತದೆ. ಆದರೂ ಹಲಗೆ ಆ ಕಡೆ ಮುಟ್ಟಿದಾಗ ತಲೆ ಎತ್ತಿ ಹುಬ್ಬು ಹಾರಿಸುತ್ತೇನೆ. ಅಲ್ಲಿ ಯಾರೂ ಇರುವುದಿಲ್ಲ.

ಹೋದ ಸೋಮವಾರ ಬ್ಲೇಡು ನನ್ನ ದಬ್ಬುಗೋಲನ್ನು ಕಚ್ಚಿತು. ಕೋಲಿನ ತುದಿ ಹಾರಿಹೋಯಿತು, ನನ್ನ ಹೆಬ್ಬೆರಳು ಉಳಿಯಿತು. ಇದು ಆ ದಿನ ಇದ್ದಿದ್ದರೆ ಎಂದು ಅಲ್ಲೇ ಕಟ್ಟಿಗೆಯ ಹೊಟ್ಟಿನ ಮೇಲೆ ಕೂತು ಅತ್ತೆ. ಪೀರನನ್ನು ಕರೆದುಕೊಂಡು ಬರಲೇಬೇಕು ಎನ್ನಿಸಿತು. ಮೂರು ದಿನ ಕೂತು ಅವನಿಗೆಂದೇ ಸಾಗವಾನಿಯ ದಬ್ಬುಗೋಲು ಮಾಡಿದೆ. ಕಿರುಬೆರಳು, ಉಂಗುರದ ಬೆರಳು ಇಲ್ಲದ ಕೈಗೆ ಕೂಡುವಂತೆ ಹಿಡಿ ಕೆತ್ತಿ, ಪಾಲಿಶ್ ಪೇಪರು ತಿಕ್ಕಿ, ಟವೆಲ್ಲಿನಲ್ಲಿ ಸುತ್ತಿಕೊಂಡು ಮಾನ್ವಿಯ ಬಸ್ಸು ಹತ್ತಿದೆ.

ಚಪ್ಪಲಿ ಅಂಗಡಿಯಲ್ಲಿ ಅವನ ಮಗಳು ಗುಲ್ಫಶಾ ಇದ್ದಳು. "ಬರ್ರಿ ಕಾಕಾ," ಎಂದು ಸ್ಟೂಲು ಕೊಟ್ಟು ಒಳಗೆ ಹೋದಳು. ಪೀರ ದುಡ್ಡಿನ ಗಲ್ಲೆಯ ಹಿಂದೆ ಕೂತಿದ್ದ. ಬಲಗೈ ಕಾಣಿಸಲಿಲ್ಲ.

"ಏನ್ ತಂದೀ?" ಎಂದ.

"ನಿನಗಂತನ ಮಾಡೀನಿ. ಹಿಡಿದು ನೋಡು."

ಅವನು ಬಲಗೈ ಮೇಲೆತ್ತಿ ಕೋಲು ಹಿಡಿದ. ಹಿಡಿತ ನಿಲ್ಲಲಿಲ್ಲ, ಕೋಲು ಜಾರಿ ಚಪ್ಪಲಿಗಳ ಮೇಲೆ ಬಿತ್ತು. ಆಗ ನೋಡಿದೆ. ಕಿರುಬೆರಳೂ ಇತ್ತು, ಉಂಗುರದ ಬೆರಳೂ ಇತ್ತು. ಇಲ್ಲದ್ದು ತೋರುಬೆರಳು ಮತ್ತು ನಡುಬೆರಳು.

ಎರಡು ಬೆರಳು ಹೋದವು ಎಂದು ಕೇಳಿದ್ದೆ, ಯಾವ ಎರಡು ಎಂದು ಯಾರನ್ನೂ ಕೇಳಿರಲಿಲ್ಲ. ಬ್ಲೇಡಿನ ಮಗ್ಗುಲಿಗೆ ಇರುವ ಬೆರಳು ಯಾವುವು ಎಂದು ಬಡಿಗನಾದ ನನಗೆ ತಿಳಿಯದೆ? ಹೋದರೂ ನಡೆಯುತ್ತದೆ ಎನ್ನುವಂಥ ಬೆರಳುಗಳನ್ನು ಆರಿಸಿಕೊಂಡು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

"ಪೀರಾ, ಗಾರ್ಡ್ ಬಿಚ್ಚಿದಾಂವ ನಾನ," ಎಂದೆ.

"ಗೊತ್ತದ. ಬಿಚ್ಚಿದ್ದು ನೋಡಿನ ನಾ ಹಲಗಿ ಹಚ್ಚಿದ್ದೆ. ಅದರ ಸಿಟ್ಟಿಲ್ಲ ನನಗ."

"ಮತ್ತ?"

ಅವನು ಕೈಯನ್ನು ಗಲ್ಲೆಯ ಮೇಲೆ ಇಟ್ಟ. "ಎರಡು ವರ್ಷ ಆತು ಪಂಪಣ್ಣ. ಒಮ್ಮೆರ ಬಂದು ನೋಡಿದ್ದಿ ಅಂದ್ರ ಈ ಕೋಲು ಸರಿ ಕೂಡ್ತಿತ್ತು."

ಚಪ್ಪಲಿ ಡಬ್ಬಿಯ ಮುಚ್ಚಳವೊಂದನ್ನು ತಿರುವಿ ಅವನ ಕೈಯ ಕೆಳಗೆ ಸರಿಸಿದೆ. ಕಿವಿಯ ಮೇಲಿನ ಪೆನ್ಸಿಲು ತೆಗೆದು ಅವನ ಹೆಬ್ಬೆರಳಿನಿಂದ ಶುರುಮಾಡಿ ಕೈಯ ಸುತ್ತ ಗೆರೆ ಎಳೆದೆ. ಬೆರಳಿಲ್ಲದ ಕಡೆ ಗೆರೆ ಬುಡದಲ್ಲೇ ತಿರುಗಿತು. ಅವನು ಕೈ ಅಲ್ಲಾಡಿಸಲಿಲ್ಲ.

"ಮತ್ತ ಬರ್ತೀಯೇನು ಅಂಗಡಿಗಿ?" ಎಂದು ಕೇಳಿದೆ.

"ಬರಂಗಿಲ್ಲ. ಆ ಸಪ್ಪಳ ನೆನಸಿಕೊಂಡ್ರ ಇಲ್ಲದ ಬೆರಳೂ ನೋಯ್ತಾವ." ಆಮೇಲೆ ಒಂದು ಹುಬ್ಬು ಹಾರಿಸಿದ. "ಕೋಲು ಮಾಡಿ ತಗೊಂಡು ನೀನ ಬಾ. ಈಗ ಚಾ ಕುಡಿ."

ಸಂಜೆಯ ಬಸ್ಸಿನಲ್ಲಿ ಆ ಮುಚ್ಚಳವನ್ನು ಮಡಚದೆ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ನಾಳೆಯೂ ಮಶೀನು ಹಚ್ಚುವವನು ನಾನೊಬ್ಬನೇ, ಆ ಕಡೆ ಪೈಪೇ. ಅಳತೆ ಮಾತ್ರ ಈ ಸಲ ಸರಿ ಇದೆ.