ಮುಂದಿನ ಎಡಬಾಗಿಲು

ನಾದಿನಿ ತನ್ನ ಬೆನ್ನಿಗೆ ಬಿದ್ದಿದ್ದಾಳೆ ಎಂಬ ಅನುಮಾನ ಹಿರಿಯಕ್ಕನ ತಲೆ ಹೊಕ್ಕು ಎರಡು ತಿಂಗಳಾಗಿತ್ತು. ಆ ಬೆಳಗ್ಗೆ ಅದಕ್ಕೆ ಕೈಕಾಲು ಮೂಡಿತು.

ಹಿರಿಯಕ್ಕ ಇಪ್ಪತ್ತೊಂದು ವರ್ಷ ಹಾರಿದ ಗಗನಸಖಿ, ಈಗ ತಂಡದ ಮುಖ್ಯಸ್ಥೆ. ಕ್ಯಾಪ್ಟನ್ನರೂ ಸೇರಿ ಕಂಪನಿಯ ಎಲ್ಲರ ಬಾಯಲ್ಲೂ ಅವಳು ಹಿರಿಯಕ್ಕನೇ. ನಾದಿನಿ, ಅಂದರೆ ಗಂಡನ ತಂಗಿ, ಅದೇ ಕಂಪನಿಗೆ ಸೇರಿ ಒಂಬತ್ತು ವರ್ಷ. ಸಂದರ್ಶನಕ್ಕೆ ಕೈಹಿಡಿದು ಕರೆದುಕೊಂಡು ಹೋದವಳೂ, ಮನೆಯಲ್ಲಿ ಮಹಡಿಯ ಕೋಣೆ ಬಿಟ್ಟುಕೊಟ್ಟವಳೂ ಹಿರಿಯಕ್ಕನೇ. ಈಗ ನೋಡಿದರೆ ಮುಖ್ಯಸ್ಥೆಯ ಜಾಗಕ್ಕೆ ಪಟ್ಟಿಯಲ್ಲಿ ಮುಂದಿನ ಹೆಸರು ಆ ನಾದಿನಿಯದೇ. ಹಿರಿಯಕ್ಕ ಇಳಿದರೆ ಅವಳು ಏರುತ್ತಾಳೆ. ಇಷ್ಟು ಲೆಕ್ಕ ಸಾಲದೇ, ಒಂದೇ ಸೂರಿನಡಿ ಇರುವವರ ನಿದ್ದೆ ಕೆಡಿಸಲು?

ಇಳಿಸಲು ಕಾರಣವೂ ಇತ್ತು, ಅದೇ ಗ್ರಹಚಾರ. ನಾಲ್ಕು ತಿಂಗಳಿಂದ ಹಿರಿಯಕ್ಕನ ಬಲಭುಜ ಹಿಡಿದುಕೊಂಡಿತ್ತು. ಕೈ ಎದೆಯ ಮಟ್ಟದವರೆಗೆ ಬರುತ್ತಿತ್ತು, ಅಲ್ಲಿಂದ ಮೇಲಕ್ಕೆ ಜಪ್ಪಯ್ಯ ಅಂದರೂ ಇಲ್ಲ. ಊರಿನ ಇನ್ನೊಂದು ತುದಿಯ ವೈದ್ಯರ ಹತ್ತಿರ ಗುಟ್ಟಾಗಿ ಹೋಗಿ ಬರುತ್ತಿದ್ದಳು. ಗಂಡನಿಗೂ ಬಾಯಿ ಬಿಟ್ಟಿರಲಿಲ್ಲ. ಮಂಡಿನೋವು ಮುಚ್ಚಿಟ್ಟಿದ್ದ ಒಬ್ಬನನ್ನು ಎರಡು ತಿಂಗಳ ಹಿಂದಷ್ಟೇ ಕಂಪನಿ ಹಾರಾಟದಿಂದ ಇಳಿಸಿ, ಕಾಗದ ವಿಂಗಡಿಸುವ ಮೇಜಿಗೆ ಕೂರಿಸಿತ್ತು. ಅವನ ಮೇಲೆ ಹೆಸರಿಲ್ಲದ ದೂರೊಂದು ಹೋಗಿತ್ತಂತೆ. ಬರೆದವರು ಯಾರು? ಆ ದಿನದಿಂದ ಹಿರಿಯಕ್ಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಾದಿನಿಯನ್ನು ನೋಡತೊಡಗಿದಳು.

ನೋಡಿದಷ್ಟೂ ಸಿಕ್ಕಿತು. ಹಿರಿಯಕ್ಕ ಯಾವ ವಿಮಾನಕ್ಕೆ ಹೋದರೂ ಅದೇ ವಿಮಾನದಲ್ಲಿ ನಾದಿನಿಗೂ ಕೆಲಸ. ಬೇರೆಯವರ ಹತ್ತಿರ ಬೇಡಿಕೊಂಡು ಪಾಳಿ ಬದಲಾಯಿಸಿಕೊಳ್ಳುತ್ತಾಳೆ ಎಂದು ಪಾಳಿ ಹಾಕುವವನೇ ಹುಳ್ಳಗೆ ನಕ್ಕು ಹೇಳಿದ್ದ. ಕೋಟಿನ ಜೇಬಿನಲ್ಲಿ ಒಂದು ಪುಟ್ಟ ಪುಸ್ತಕ; ಹಿರಿಯಕ್ಕ ಹತ್ತಿರ ಬಂದರೆ ಪಟ್ಟನೆ ಮುಚ್ಚುತ್ತಿದ್ದಳು. ಮನೆಯಲ್ಲಾದರೆ ಒಂದೂ ಗೊತ್ತಿಲ್ಲದವಳಂತೆ, "ಅತ್ತಿಗೆ, ಕಾಫಿ ಮಾಡ್ಲಾ?" ಎನ್ನುವ ನಯ.

ಆ ಬೆಳಗ್ಗೆ, ಹೊರಡಲು ಒಂದೂಕಾಲು ಗಂಟೆ ಮೊದಲು, ಕಿಟಕಿಯಿಲ್ಲದ ಸಣ್ಣ ಕೋಣೆಯಲ್ಲಿ ಎಂದಿನಂತೆ ತಂಡ ಸೇರಿತು. ಕ್ಯಾಪ್ಟನ್ ಹವಾಮಾನ ಹೇಳಿದರು, ಇಂಧನ ಹೇಳಿದರು, ಕೊನೆಗೆ "ಎಲ್ಲರೂ ಫಿಟ್ ತಾನೇ?" ಎಂದರು. "ಫಿಟ್," ಎಂದವು ನಾಲ್ಕೂ ಬಾಯಿಗಳು. ಆ ಪ್ರಶ್ನೆಗೆ ಯೋಚಿಸಿ ಉತ್ತರ ಕೊಟ್ಟವರನ್ನು ಆ ಕೋಣೆ ಕಂಡೇ ಇರಲಿಲ್ಲ. ಆಮೇಲೆ ಸುರಕ್ಷತೆಯ ಬಗ್ಗೆ ಯಾರಾದರೊಬ್ಬರಿಗೆ ಒಂದು ಪ್ರಶ್ನೆ ಹಾಕುವುದು ಪದ್ಧತಿ. ಕ್ಯಾಪ್ಟನ್ನರ ಕಣ್ಣು ನೇರ ಅವಳ ಮೇಲೆ ಬಿತ್ತು.

"ಹಿರಿಯಕ್ಕ, ತುರ್ತಿನಲ್ಲಿ ಬಾಗಿಲು ತಾನಾಗಿ ತೆರೆದುಕೊಳ್ಳಲಿಲ್ಲ ಅಂದ್ರೆ?"

"ಹಿಡಿ ಪೂರ್ತಿ ಮೇಲಕ್ಕೆ ಎತ್ತಿ, ಮೈಭಾರ ಬಿಟ್ಟು ತಳ್ಳಬೇಕು ಸರ್," ಎಂದಳು. ನಾದಿನಿ ತಲೆ ತಗ್ಗಿಸಿ ಪುಸ್ತಕದಲ್ಲಿ ಏನೋ ಗೀಚಿದಳು. ಕ್ಯಾಪ್ಟನ್ನರ ಕಿವಿ ಕಚ್ಚಿದ್ದಾಳೆ, ಇನ್ನೇನು ಉಳಿಯಿತು ಎಂದು ಹಿರಿಯಕ್ಕ ಒಳಗೊಳಗೇ ಹಲ್ಲು ಕಡಿದಳು.

ವಿಮಾನದಲ್ಲಿ ಪ್ರಯಾಣಿಕರು ಹತ್ತುವ ಮುಂಚೆ ಇಪ್ಪತ್ತು ನಿಮಿಷ ತಪಾಸಣೆ. ನಾಲ್ಕು ಬಾಗಿಲು, ನಾಲ್ಕು ಜನ. ಮುಂದಿನ ಎಡಬಾಗಿಲು ಹಿರಿಯಕ್ಕನದು. ಬಲಬಾಗಿಲು ಸಹೋದ್ಯೋಗಿಯೊಬ್ಬನದು, ಮಾವನ ಮನೆಗೆ ಬಂದವನ ಠೀವಿಯಲ್ಲಿ ಕೆಲಸ ಮಾಡುತ್ತಿದ್ದರಿಂದ ಅವನಿಗೆ ಅಳಿಯದೇವರು ಎಂದೇ ಹೆಸರು. ಹಿಂದಿನ ಎಡಬಾಗಿಲು ನಾದಿನಿಯದು, ಬಲದ್ದು ಇನ್ನೊಬ್ಬಳದು. ಆಮ್ಲಜನಕ, ಬೆಂಕಿ ನಂದಿಸುವ ಸಿಲಿಂಡರ್, ಟಾರ್ಚು, ತುರ್ತಿನಲ್ಲಿ ಜನ ಜಾರಿ ಇಳಿಯಲೆಂದು ಬಾಗಿಲ ಹೊಟ್ಟೆಯೊಳಗೆ ಮಡಚಿಟ್ಟ ಜಾರುಬಂಡೆ, ಎಲ್ಲ ನೋಡಿ ಮುಖ್ಯಸ್ಥೆಗೆ ವರದಿ ಕೊಡಬೇಕು.

ಕ್ಯಾಪ್ಟನ್ನರ ಸಹಿ ಹಾಕಿಸಿಕೊಂಡು ಕಾಕ್‌ಪಿಟ್‌ನಿಂದ ಹೊರಬಂದ ಹಿರಿಯಕ್ಕ ನಿಂತಲ್ಲೇ ನಿಂತಳು. ಹಿಂದೆ ಇರಬೇಕಾದ ನಾದಿನಿ ಏದುಸಿರು ಬಿಡುತ್ತ ಮುಂದಿನ ಎಡಬಾಗಿಲ ಹಿಡಿಯ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದಳು.

"ಇಲ್ಲೇನು ನಿನಗೆ ಕೆಲಸ?"

ನಾದಿನಿ ಬೆಚ್ಚಿ ಕೈ ತೆಗೆದಳು. "ನನ್ನ ಟಾರ್ಚ್ ಮಿಣುಕ್ತಾ ಇಲ್ಲ. ಹೇಳೋಣ ಅಂತ ಬಂದೆ."

"ಫೋನ್ ಇತ್ತಲ್ಲ ಹಿಂದೆ?"

ಹಿರಿಯಕ್ಕ ದಡದಡ ಹಿಂದಕ್ಕೆ ನಡೆದಳು, ಹಿಂದೆಯೇ ನಾದಿನಿ ಬಂದಳು. ಟಾರ್ಚಿನ ಪುಟ್ಟ ದೀಪ, ಬ್ಯಾಟರಿ ಸರಿಯಿದೆ ಎಂದು ಸಾರುತ್ತ, ಗೋಡೆಯ ಮೇಲೆ ತನ್ನ ಪಾಡಿಗೆ ತಾನು ಕೆಂಪಗೆ ಮಿಣುಕುತ್ತಿತ್ತು. ಕಳ್ಳಿ ಸಿಕ್ಕಿಬಿದ್ದಳು ಎಂದು ಹಿರಿಯಕ್ಕನಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಒಂಬತ್ತು ವರ್ಷ ಒಂದೇ ಮನೆಯಲ್ಲಿ ಉಂಡವಳು.

"ಪುಸ್ತಕ ಕೊಡು."

"ಅತ್ತಿಗೆ..."

"ಇಲ್ಲಿ ಅತ್ತಿಗೆ ಇಲ್ಲ. ಕೊಡು."

ಪುಸ್ತಕದ ಒಂದೊಂದು ಸಾಲಿನಲ್ಲೂ ಒಂದು ದಿನಾಂಕ, ಮುಂದೆ ಒಂದು ಸಂಖ್ಯೆ. ಹನ್ನೊಂದು, ಹನ್ನೆರಡು, ಹನ್ನೊಂದು. ನಾಲ್ಕು ತಿಂಗಳ ಪುಟಗಳು ಹೀಗೇ ತುಂಬಿದ್ದವು. ಇವತ್ತಿನ ತಾರೀಖಿನ ಮುಂದೆ, "ಹಿಡಿ ಎತ್ತಿ ಮೈಭಾರ" ಎಂದು ಬರೆದು ಅಡಿಗೆರೆ ಎಳೆದಿತ್ತು.

"ಏನಿದು ಹನ್ನೊಂದು, ಹನ್ನೆರಡು? ನನ್ನ ತಪ್ಪು ಎಣಿಸಿ ಇಟ್ಟಿದ್ದೀಯಾ? ಯಾರಿಗೆ ಕೊಡೋಕೆ?"

"ಸೆಕೆಂಡು ಅದು." ಎಂದಳು ನಾದಿನಿ. "ಇಲ್ಲಿಂದ ನಿಮ್ಮ ಬಾಗಿಲಿಗೆ ಓಡೋಕೆ ಎಷ್ಟು ಹೊತ್ತು ಅಂತ. ದಿನಾ ಜನ ಹತ್ತೋಕೆ ಮುಂಚೆ ಒಂದ್ಸಲ ಓಡಿ ನೋಡ್ತೀನಿ."

"ಯಾಕೆ?"

"ನಿಮ್ಮ ಕೈ ಏಳಲ್ಲ, ಅದಕ್ಕೆ."

ಆದರೂ ಅನುಮಾನ ಅಷ್ಟು ಸುಲಭಕ್ಕೆ ಜಾಗ ಬಿಡುವ ಜಾತಿಯದಲ್ಲ. "ಯಾರು ಹೇಳಿದ್ರು ನಿನಗೆ? ಕ್ಯಾಪ್ಟನ್‌ಗೆ ಹೇಳಿದ್ದೂ ನೀನೇ ತಾನೇ?"

"ಯಾರ ಹತ್ರಾನೂ ಹೇಳಿಲ್ಲ ಅತ್ತಿಗೆ. ಆ ಕ್ಯಾಪ್ಟನ್‌ಗೆ ಗೊತ್ತಿರೋದೇ ಮೂರು ಪ್ರಶ್ನೆ, ಹೋದ ವಾರ ನನಗೂ ಇದನ್ನೇ ಕೇಳಿದ್ರು. ನೀವು ಎಡಗೈಲಿ ತಲೆ ಬಾಚೋಕೆ ಶುರು ಮಾಡಿ ನಾಲ್ಕು ತಿಂಗಳಾಯ್ತು. ಒಂದೇ ಮನೇಲಿದ್ದು ನನಗೆ ಕಾಣಲ್ವಾ?" ಕಣ್ಣು ಒರೆಸಿಕೊಂಡಳು. "ದೂರು ಕೊಟ್ಟರೆ ನಿಮ್ಮನ್ನ ಇಳಿಸ್ತಾರೆ. ಕೊಡದೇ ಇದ್ದರೆ ಏನಾದ್ರೂ ಆದಾಗ ನೀವೊಬ್ಬರೇ ಆ ಬಾಗಿಲ ಹತ್ರ. ಅದಕ್ಕೇ ಎಲ್ಲರ ಕಾಲು ಹಿಡಿದು ನಿಮ್ಮ ಜೊತೆಗೇ ಪಾಳಿ ಹಾಕಿಸ್ಕೊಂಡೆ. ಏನಾದ್ರೂ ಆದರೆ ಓಡಿ ಬಂದು ನಾನೇ ತಳ್ಳೋಣ ಅಂತ."

ಹಿರಿಯಕ್ಕ ಅಡುಗೆಕಟ್ಟೆಯ ಅಂಚು ಹಿಡಿದುಕೊಂಡಳು. ಎರಡು ತಿಂಗಳು ಮನಸ್ಸಿನಲ್ಲೇ ಈ ಹುಡುಗಿಗೆ ಹಾಕಿದ ಶಾಪವೆಲ್ಲ ಒಟ್ಟಿಗೆ ನೆನಪಾಗಿ ನಾಚಿಕೆಯಾಯಿತು. ಅಪ್ಪಿಕೊಳ್ಳಬೇಕು ಎನಿಸಿ ಒಂದು ಹೆಜ್ಜೆ ಮುಂದಿಟ್ಟವಳ ಕಣ್ಣು ನಾದಿನಿಯ ಹೆಗಲಾಚೆ ಬಿತ್ತು. ಅಲ್ಲಿ ಹಿಂದಿನ ಎಡಬಾಗಿಲಿತ್ತು.

"ನೀನು ಮುಂದಕ್ಕೆ ಓಡಿ ಬಂದರೆ," ಎಂದಳು ನಿಧಾನವಾಗಿ, "ಇದನ್ನ ಯಾರು ತೆಗೀತಾರೆ?"

ನಾದಿನಿ ತಿರುಗಿ ಆ ಬಾಗಿಲನ್ನು ನೋಡಿದಳು.

"ಹೇಳು. ಈ ಬಾಗಿಲಿನ ಪಾಲಿಗೆ ನಲವತ್ತೈದು ಜನ ಬರ್ತಾರೆ. ನಾನೇ ಕಲಿಸಿದ್ದಲ್ವಾ ನಿನಗೆ?"

"ನಾನು... ಅದನ್ನ ಯೋಚ್ನೆ ಮಾಡಲಿಲ್ಲ ಅತ್ತಿಗೆ. ನಿಮ್ಮನ್ನಷ್ಟೇ ಯೋಚ್ನೆ ಮಾಡಿದೆ."

ಹಿರಿಯಕ್ಕ ಯೋಚಿಸಿದ್ದೂ ಅಷ್ಟೇ ತಾನೇ, ತನ್ನನ್ನು. ತನ್ನಿಂದ ತೆರೆಯಲಾಗದ ಒಂದು ಬಾಗಿಲ ಗುಟ್ಟನ್ನು ನಾಲ್ಕು ತಿಂಗಳು ಹಿರಿಯಕ್ಕ ಮುಚ್ಚಿಟ್ಟಿದ್ದಳು, ಅವಳಿಗಾಗಿ ಇನ್ನೊಂದು ಬಾಗಿಲನ್ನು ನಾದಿನಿ ಬಿಟ್ಟು ಓಡಲು ಸಿದ್ಧಳಾಗಿದ್ದಳು. ನಾಲ್ಕರಲ್ಲಿ ಎರಡು.

ಅಷ್ಟರಲ್ಲಿ ಮುಂದಿನಿಂದ ಅಳಿಯದೇವರು ಕೂಗಿದ. "ಹಿರಿಯಕ್ಕ, ಬಸ್ಸು ಬಂದು ನಿಂತಿದೆ. ಜನ ಹತ್ತಿಸೋಣವಾ ಅಂತ ಕೇಳ್ತಿದ್ದಾರೆ."

"ಬೇಡ," ಎಂದಳು. ಪುಸ್ತಕವನ್ನು ನಾದಿನಿಯ ಕೈಗಿಟ್ಟು ಉದ್ದಕ್ಕೆ ನಡೆದು ಹೋಗಿ ಕಾಕ್‌ಪಿಟ್ ಬಾಗಿಲು ಬಡಿದಳು. "ಸರ್, ಬೆಳಗ್ಗೆ ಫಿಟ್ ಅಂದೆನಲ್ಲ, ಸುಳ್ಳು. ನನ್ನ ಬಲಗೈ ಮೇಲಕ್ಕೆ ಏಳಲ್ಲ. ಈ ಬಾಗಿಲನ್ನ ನಾನು ತೆಗೆಯೋಕಾಗಲ್ಲ."

ಕ್ಯಾಪ್ಟನ್ ಅವಳ ಮುಖವನ್ನೇ ನೋಡಿದರು. "ಎಷ್ಟು ದಿನದಿಂದ?"

"ನಾಲ್ಕು ತಿಂಗಳು."

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ರೇಡಿಯೊ ಎತ್ತಿಕೊಂಡು ಮೀಸಲು ಪಟ್ಟಿಯಿಂದ ಒಬ್ಬರನ್ನು ಕಳಿಸಲು ಹೇಳಿದರು. ನಲವತ್ತು ನಿಮಿಷ ತಡ. ಬಂದವಳಿಗೆ ಹಿಂದಿನ ಎಡಬಾಗಿಲು ಕೊಟ್ಟು, ನಾದಿನಿಯನ್ನು ಮುಂದಿನ ಎಡಬಾಗಿಲಿಗೆ, ಮುಖ್ಯಸ್ಥೆಯ ಜಾಗಕ್ಕೆ ನಿಲ್ಲಿಸಿದರು. ಹಿರಿಯಕ್ಕ ತಪಾಸಣೆಯ ಹಾಳೆಯನ್ನು ಅವಳ ಕೈಗೆ ಕೊಟ್ಟಳು.

ಮೆಟ್ಟಿಲಿಳಿಯುವಾಗ ಬಿಸಿಲು ಕಣ್ಣಿಗೆ ಹೊಡೆಯಿತು. ಎಡಗೈಯಲ್ಲಿ ಪೆಟ್ಟಿಗೆ ಎತ್ತಿಕೊಂಡಿದ್ದ ಹಿರಿಯಕ್ಕ ಮೂರನೆಯ ಮೆಟ್ಟಿಲಲ್ಲಿ ತಡವರಿಸಿದಳು. ಮೇಲಿಂದ ದಡಬಡನೆ ಹೆಜ್ಜೆಯ ಸದ್ದಾಯಿತು. ನಾದಿನಿ ಎರಡು ಮೆಟ್ಟಿಲಿಳಿದು ಪೆಟ್ಟಿಗೆಗೆ ಕೈ ಚಾಚಿದ್ದಳು, ಮುಖವೆಲ್ಲ ಒದ್ದೆ.

"ಅಲ್ಲೇ ನಿಲ್ಲು," ಎಂದಳು ಹಿರಿಯಕ್ಕ. "ಬಾಗಿಲು ಬಿಟ್ಟು ಬರಬೇಡ."

ನಾದಿನಿ ಹಿಂದಕ್ಕೆ ಹತ್ತಿದಳು. ಬಸ್ಸಿನಿಂದ ಇಳಿದ ಜನರಿಗೆ ದಾರಿ ಬಿಡಲು ಹಿರಿಯಕ್ಕ ಮೆಟ್ಟಿಲ ಬುಡದಲ್ಲಿ ಪಕ್ಕಕ್ಕೆ ಸರಿದಳು.